ಓಮ್ ಮಾಸ್ತರನ ಎಂಟು ತಂತಿಗಳು

ಹತ್ತನೆಯ ತರಗತಿಯ ಮಕ್ಕಳಿರುವ ಮನೆಗಳಲ್ಲಿ ಓಮನ ನಿಯಮದ ಹೆಸರು ಒಮ್ಮೆಯಾದರೂ ಕಿವಿಗೆ ಬಿದ್ದೇ ಬೀಳುತ್ತದೆ. ವೋಲ್ಟನ್ನು ಓಮಿನಿಂದ ಭಾಗಿಸಿದರೆ ಆಂಪಿಯರ್. ಮಕ್ಕಳು ನಿಮಿಷದಲ್ಲಿ ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ. ಆದರೆ ಈ ಸಂಬಂಧ ಗೊತ್ತಾದ ಕಾಲದಲ್ಲಿ ವೋಲ್ಟೂ ಇರಲಿಲ್ಲ, ಆಂಪಿಯರೂ ಇರಲಿಲ್ಲ. ಅವನ್ನು ತೋರಿಸುವ ಮೀಟರುಗಳಂತೂ ದೂರವೇ ಉಳಿದವು. ಹಾಗಾದರೆ ಅಳೆದದ್ದು ಹೇಗೆ?

ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಷ್ 1781ರ ಸುಮಾರಿಗೆ ತನ್ನ ದೇಹವನ್ನೇ ಮೀಟರು ಮಾಡಿಕೊಂಡಿದ್ದ. ಉಪ್ಪುನೀರು ತುಂಬಿದ ಗಾಜಿನ ಕೊಳವೆಗಳ ಮೂಲಕ ವಿದ್ಯುತ್ತನ್ನು ಹಾಯಿಸಿ, ತನಗೆ ತಗಲುವ ಹೊಡೆತ ಹೆಚ್ಚೋ ಕಡಿಮೆಯೋ ಎಂದು ಹೋಲಿಸಿ ನೋಡುತ್ತಿದ್ದ. ಕಂಡದ್ದನ್ನು ಬರೆದಿಟ್ಟನೇ ಹೊರತು ಪ್ರಕಟಿಸಲಿಲ್ಲ. ಮ್ಯಾಕ್ಸ್‌ವೆಲ್ ಆ ಕಾಗದಪತ್ರಗಳನ್ನು 1879ರಲ್ಲಿ ಹೊರತಂದಾಗಲೇ, ಈ ನಿಯಮದ ಹತ್ತಿರಕ್ಕೆ ಆತ ಎಂದೋ ಬಂದಿದ್ದನೆಂದು ಲೋಕಕ್ಕೆ ತಿಳಿದದ್ದು.

1800ರಲ್ಲಿ ಇಟಲಿಯ ವೋಲ್ಟಾ ಎಡೆಬಿಡದೆ ವಿದ್ಯುತ್ತನ್ನು ಕೊಡುವ ಮೊದಲ ಬ್ಯಾಟರಿಯನ್ನು ಪ್ರಕಟಪಡಿಸಿದ. ತಂತಿಯಲ್ಲಿ ವಿದ್ಯುತ್ತು ಹರಿದರೆ ಪಕ್ಕದ ಅಯಸ್ಕಾಂತದ ಸೂಜಿ ತಿರುಗುತ್ತದೆಂದು 1820ರಲ್ಲಿ ಡೆನ್ಮಾರ್ಕಿನ ಅರ್‌ಸ್ಟೆಡ್ ಕಂಡ. ಅಳತೆಗೆ ಮನುಷ್ಯದೇಹದ ಬದಲು ಒಂದು ಸೂಜಿ ಸಿಕ್ಕಿತು.

ಇದನ್ನು ಬಳಸಿಕೊಂಡವನು ಜರ್ಮನಿಯ ಕೊಲೋನ್ ನಗರದ ಶಾಲಾಮಾಸ್ತರ ಗಿಯೋರ್ಗ್ ಓಮ್. 1789ರಲ್ಲಿ ಎರ್ಲಾಂಗನ್ನಿನಲ್ಲಿ ಬೀಗ ಮಾಡುವ ಕಸುಬುದಾರನ ಮಗನಾಗಿ ಹುಟ್ಟಿದವನು. ತಂದೆ ಸ್ವಂತ ಪರಿಶ್ರಮದಿಂದ ಗಣಿತ ಕಲಿತು ಮಕ್ಕಳಿಗೂ ಕಲಿಸಿದ್ದ.

1825ರಲ್ಲಿ ಓಮ್ ತನ್ನ ಮೊದಲ ಪ್ರಯೋಗಗಳ ಫಲವನ್ನು ಪ್ರಕಟಿಸಿದ. ಆ ಸೂತ್ರ ಸರಿಯಿರಲಿಲ್ಲ. ಆಗಿನ ಬ್ಯಾಟರಿಯ ಶಕ್ತಿ ಪ್ರಯೋಗ ನಡೆಯುತ್ತಿರುವಾಗಲೇ ಇಳಿಯುತ್ತಿತ್ತು. ದಿನವೂ ತೂಕ ಬದಲಾಗುವ ಕಲ್ಲಿಟ್ಟು ಧಾನ್ಯ ತೂಗಿದಂತೆ! ಉಷ್ಣದಿಂದ ವಿದ್ಯುತ್ತು ಹುಟ್ಟಿಸುವ ಏರ್ಪಾಡನ್ನು ಬಳಸಿ ನೋಡೆಂದು ಪತ್ರಿಕಾ ಸಂಪಾದಕ ಪೊಗೆನ್‌ಡಾರ್ಫ್ ಸಲಹೆ ಕೊಟ್ಟ. ಅದನ್ನು 1821ರಲ್ಲಿ ಸೀಬೆಕ್ ಕಂಡುಹಿಡಿದಿದ್ದ.

ಓಮ್ ಬಿಸ್ಮತ್ ಲೋಹಕ್ಕೆ ಎರಡು ಕಡೆ ತಾಮ್ರವನ್ನು ಜೋಡಿಸಿದ. ಒಂದು ಸಂಧಿಯನ್ನು ಕುದಿಯುವ ನೀರಿನ ಶಾಖದಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟ. ನೀರು ಕುದಿಯುವ ಉಷ್ಣತೆಯಾಗಲಿ ಮಂಜು ಕರಗುವ ಉಷ್ಣತೆಯಾಗಲಿ ಗಳಿಗೆಗಳಿಗೆಗೂ ಬದಲಾಗುವುದಿಲ್ಲ. ಆದ್ದರಿಂದ ವಿದ್ಯುತ್ತಿನ ಒತ್ತಡವೂ ಬದಲಾಗದು. ಬಳಿಕ ಒಂದೇ ದಪ್ಪದ, 2 ಅಂಗುಲದಿಂದ 130 ಅಂಗುಲದವರೆಗಿನ ಎಂಟು ತಾಮ್ರದ ತಂತಿಗಳನ್ನು ಒಂದೊಂದಾಗಿ ಮಂಡಲದಲ್ಲಿ ಸೇರಿಸಿ, ತೂಗುಬಿಟ್ಟ ಸೂಜಿ ಎಷ್ಟು ಬಲದಿಂದ ತಿರುಗುತ್ತದೆಂದು ಅಳೆದ. ತಂತಿ ಉದ್ದವಾದಂತೆ ಪ್ರವಾಹ ಕಡಿಮೆಯಾಯಿತು. ಹೊಸ ತಂತಿಯ ರೋಧಕ್ಕೆ ಮಂಡಲದ ಉಳಿದ ಭಾಗದ ರೋಧವನ್ನೂ ಕೂಡಿಸಿದರೆ ಲೆಕ್ಕ ಚೊಕ್ಕವಾಗಿ ಕೂಡಿಬಂತು. ಇದು 1826ರ ಮಾತು.

ಅದೇ ವರ್ಷ ಅರ್ಧ ಸಂಬಳದ ರಜೆ ಪಡೆದು ಆತ ಬರ್ಲಿನ್ನಿಗೆ ಹೋದ. ಅರ್ಧ ಸಂಬಳದ ರಜೆಯೆಂದರೇನೆಂದು ನೌಕರಿಯವರಿಗೆ ಬೇರೆ ಹೇಳಬೇಕಿಲ್ಲ. 1827ರಲ್ಲಿ ಗ್ರಂಥ ಹೊರಬಂತು. ಕೆಲವು ಜರ್ಮನ್ ವಿದ್ವಾಂಸರು ಹೀಗಳೆದರು. ಬಯಸಿದ ವಿಶ್ವವಿದ್ಯಾಲಯದ ಹುದ್ದೆ ದೊರಕಲಿಲ್ಲ. ಓಮ್ ಕೊಲೋನಿನ ಕೆಲಸ ಬಿಟ್ಟ. 1833ರಲ್ಲಿ ನ್ಯೂರೆಂಬರ್ಗಿನಲ್ಲಿ ಒಂದು ನೆಲೆ ಸಿಕ್ಕಿತು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕೋಪ್ಲಿ ಪದಕ ಕೊಟ್ಟು ಗೌರವಿಸಿತು. ಮ್ಯೂನಿಕ್ಕಿನಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕನಾದದ್ದು 1852ರಲ್ಲಿ, ತೀರಿಕೊಳ್ಳುವುದಕ್ಕೆ ಎರಡೇ ವರ್ಷ ಮೊದಲು. 1881ರ ಪ್ಯಾರಿಸ್ ಸಮ್ಮೇಳನ ರೋಧದ ಮಾನಕ್ಕೆ ಓಮನ ಹೆಸರನ್ನು ಅಂಗೀಕರಿಸಿತು.

ಈ ಕಥೆಯನ್ನು ಮಕ್ಕಳು ಮೇಜಿನ ಮೇಲೆಯೇ ನೋಡಬಹುದು. ಒಂದೂವರೆ ವೋಲ್ಟಿನ ಎರಡು ಟಾರ್ಚ್ ಸೆಲ್ಲುಗಳನ್ನು ಸಾಲಾಗಿ ಇಟ್ಟರೆ 3 ವೋಲ್ಟ್. ಅದಕ್ಕೆ 100 ಓಮಿನ ರೆಸಿಸ್ಟರನ್ನೂ ಮಲ್ಟಿಮೀಟರನ್ನೂ ಒಂದೇ ಸಾಲಿನಲ್ಲಿ ಸೇರಿಸಿ ಪ್ರವಾಹ ನೋಡಿದರೆ ಸುಮಾರು 30 ಮಿಲಿಆಂಪಿಯರ್. 200 ಓಮ್ ಆದರೆ ಅದರ ಅರ್ಧ. ಪ್ರವಾಹ ಅಳೆಯುವ ಮೀಟರನ್ನು ರೆಸಿಸ್ಟರಿಲ್ಲದೆ ಸೆಲ್ಲಿಗೆ ನೇರವಾಗಿ ಜೋಡಿಸಬಾರದು. ಗೋಡೆಯ ಪ್ಲಗ್ಗಿನ ಗೊಡವೆಯಂತೂ ಬೇಡವೇ ಬೇಡ. ರೆಸಿಸ್ಟರಿನ ಬದಲು ಟಾರ್ಚಿನ ಹಳೆಯ ತಂತಿಬಲ್ಬು ಹಾಕಿದರೆ ಲೆಕ್ಕ ಇಷ್ಟು ಸರಳವಾಗಿ ಕೂಡದು. ಕಾದ ತಂತಿಯ ರೋಧ ತಣ್ಣಗಿದ್ದಾಗಿನದಕ್ಕಿಂತ ಹೆಚ್ಚು.

ಹಳೆಯ ಸೆಲ್ಲು ಹಾಕಿ ಲೆಕ್ಕ ತಪ್ಪಿದರೆ ಮಗುವನ್ನು ಗದರಿಸಬೇಡಿ. ಓಮ್ ಮಾಸ್ತರನಿಗೂ ಮೊದಲು ಬಂದ ತೊಡಕು ಅದೇ. ಸೂತ್ರವನ್ನು ತಿದ್ದುವ ಮುನ್ನ ಸೆಲ್ಲನ್ನು ನೋಡೆಂದು ಹೇಳಿದರೆ ಸಾಕು.