ಬೆಟ್ಟದವರೊಬ್ಬರು, ಹೊಳೆಯವರೊಬ್ಬರು

1991ರಲ್ಲಿ ಪಂಪ ಪ್ರಶಸ್ತಿ ಪು.ತಿ.ನ. ಅವರ ‘ಶ್ರೀಹರಿಚರಿತೆ’ಗೆ ಬಂತು. ಅದು ಕೃಷ್ಣನ ಬದುಕನ್ನು ಹಾಡಿದ ಮಹಾಕಾವ್ಯ. ಮರುವರ್ಷ ಅದೇ ಪ್ರಶಸ್ತಿ ಎ.ಎನ್. ಮೂರ್ತಿರಾಯರ ‘ದೇವರು’ ಪುಸ್ತಕಕ್ಕೆ ಸಂದಿತು. ದೇವರನ್ನು ನಂಬಲು ತಮ್ಮಿಂದಾಗದು ಎಂದು ರಾಯರು ಅದರಲ್ಲಿ ಮುಚ್ಚುಮರೆಯಿಲ್ಲದೆ ವಾದಿಸಿದ್ದಾರೆ. ಮೊದಲಿನವರು ಮೇಲುಕೋಟೆಯವರು. ಎರಡನೆಯವರು ಪಕ್ಕದ ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಹೇಮಾವತಿ ದಡದಲ್ಲಿರುವ ಅಕ್ಕಿಹೆಬ್ಬಾಳಿನವರು.

ಇಬ್ಬರೂ ಪ್ರಬಂಧಕಾರರು. ಕನ್ನಡದ ಲಲಿತ ಪ್ರಬಂಧದ ಚರಿತ್ರೆ ಬರೆಯುವವರು ಈ ಸೀಮೆಯನ್ನು ದಾಟಿ ಹೋಗುವಂತಿಲ್ಲ.

ಮೂರ್ತಿರಾಯರು ಹುಟ್ಟಿದ್ದು 1900ರಲ್ಲಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ, ಇಂಗ್ಲಿಷ್ ಮೇಷ್ಟರಾದರು. ಹದಿನಾರನೆಯ ಶತಮಾನದಲ್ಲಿ ಫ್ರಾನ್ಸಿನ ಮಾಂಟೇನ್ ತನ್ನನ್ನೇ ವಸ್ತುವಾಗಿಟ್ಟುಕೊಂಡು ಬರೆದು ಹುಟ್ಟುಹಾಕಿದ ಪ್ರಕಾರ, ಇಂಗ್ಲೆಂಡಿನ ಚಾರ್ಲ್ಸ್ ಲ್ಯಾಂಬ್‌ನಂಥವರ ಕೈಯಲ್ಲಿ ಬೆಳೆದು, ಇಂಗ್ಲಿಷ್ ಪಾಠದ ಮೂಲಕ ನಮ್ಮಲ್ಲಿಗೂ ಬಂದಿತ್ತು. ರಾಯರ ‘ಹಗಲುಗನಸುಗಳು’ 1937ರಲ್ಲಿ ಪ್ರಕಟವಾದಾಗ ಕನ್ನಡಕ್ಕೆ ದಕ್ಕಿದ್ದು ಮಾತ್ರ ಎರವಲಿನ ದನಿಯಲ್ಲ. ಜಗಲಿಯ ಮೇಲೆ ಕೂತು ಮಾತಾಡುವ ಹಿರಿಯರ ಸಲುಗೆ ಆ ಗದ್ಯಕ್ಕಿದೆ. ಮುಂದೆ ‘ಅಲೆಯುವ ಮನ’, ‘ಮಿನುಗು ಮಿಂಚು’ ಬಂದವು. ಇಳಿವಯಸ್ಸಿನಲ್ಲಿ ಅಮೆರಿಕಕ್ಕೆ ಹೋಗಿ ಬಂದು ‘ಅಪರವಯಸ್ಕನ ಅಮೆರಿಕಾ ಯಾತ್ರೆ’ ಬರೆದರು. 1984ರಲ್ಲಿ ಕೈವಾರದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.

ಪು.ತಿ. ನರಸಿಂಹಾಚಾರ್ ಹುಟ್ಟಿದ್ದು 1905ರಲ್ಲಿ, ಮೇಲುಕೋಟೆಯ ವೈದಿಕ ಮನೆತನದಲ್ಲಿ. ಮೇಲೆ ಯೋಗನರಸಿಂಹನ ಬೆಟ್ಟ, ಕೆಳಗೆ ಕಲ್ಯಾಣಿ, ವರ್ಷಕ್ಕೊಮ್ಮೆ ಇರುಳಿನಲ್ಲಿ ವೈರಮುಡಿ ಧರಿಸಿ ಹೊರಡುವ ಚೆಲುವನಾರಾಯಣ: ಹೀಗೆ ಉತ್ಸವಗಳೇ ಪಂಚಾಂಗವಾದ ಊರು ಅದು. ಅವರ ಉದ್ಯೋಗವೋ, ಮೊದಲು ಸೇನಾ ಕಚೇರಿಯಲ್ಲಿ, ಆಮೇಲೆ ಶಾಸನಸಭೆಯ ಕಚೇರಿಯಲ್ಲಿ. ಕಡತಗಳ ನಡುವೆಯೇ ‘ಹಣತೆ’ಯಂಥ ಕವನ ಸಂಕಲನಗಳನ್ನೂ ‘ಗೋಕುಲ ನಿರ್ಗಮನ’ದಂಥ ಗೀತನಾಟಕಗಳನ್ನೂ ಬರೆದರು. ‘ಹಂಸದಮಯಂತಿ ಮತ್ತು ಇತರ ರೂಪಕಗಳು’ ಕೃತಿಗೆ 1966ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿತು.

ಈ ಕೀರ್ತಿಯ ಭರದಲ್ಲಿ ಅವರ ಗದ್ಯ ಹಿಂದೆ ಸರಿದದ್ದು ನಿಜಕ್ಕೂ ಅನ್ಯಾಯ. ‘ರಾಮಾಚಾರಿಯ ನೆನಪು’, ‘ಈಚಲು ಮರದ ಕೆಳಗೆ’ ಎಂಬ ಸಂಕಲನಗಳಲ್ಲಿ ಕವಿಯ ಕಿವಿಯೇ ಗದ್ಯವನ್ನು ನಡೆಸುತ್ತದೆ. ವಾಕ್ಯಗಳಿಗೊಂದು ಲಯವಿದೆ, ಧ್ಯಾನಕ್ಕೆ ಬಿಡುವಿದೆ. ಮೂರ್ತಿರಾಯರು ಪ್ರಶ್ನೆ ಕೇಳುತ್ತ ಮುಂದೆ ಹೋದರೆ, ಪು.ತಿ.ನ. ಕಂಡದ್ದರ ಮುಂದೆ ನಿಂತುಬಿಡುತ್ತಾರೆ. ಭಕ್ತಿಗೂ ಸಂಶಯಕ್ಕೂ ಒಂದೇ ಚಾವಡಿಯಲ್ಲಿ ಜಾಗ ಕೊಡಬಲ್ಲ ಪ್ರಕಾರವೆಂದರೆ ಪ್ರಬಂಧವೇ. ಇವರಿಬ್ಬರನ್ನೂ ಜೊತೆಯಾಗಿಟ್ಟು ಓದಿದರೆ ಅದು ಮನದಟ್ಟಾಗುತ್ತದೆ.

ಪು.ತಿ.ನ. 1998ರಲ್ಲಿ ತೀರಿಕೊಂಡರು, ಮೂರ್ತಿರಾಯರು 2003ರಲ್ಲಿ, ನೂರಮೂರು ತುಂಬಿದ ಮೇಲೆ. ಮೇಲುಕೋಟೆಯಲ್ಲಿ ಪು.ತಿ.ನ. ಅವರ ಮನೆ ಸ್ಮಾರಕವಾಗಿ ಉಳಿದಿದೆ. ಅದನ್ನು ನೋಡಲು ಹೋದವರು ಅಕ್ಕಿಹೆಬ್ಬಾಳಿಗೂ ಹೋಗಿಬರಬೇಕು, ದಾರಿ ದೂರದ್ದೇನಲ್ಲ.