ಎಪ್ಸಮ್‌ನ ಕುದುರೆ, ಕಲ್ಕತ್ತೆಯ ಚೀಟಿ

ಇಂಗ್ಲೆಂಡಿನ ಎಪ್ಸಮ್ ಬಯಲಿನಲ್ಲಿ ನಡೆಯುವ ಡರ್ಬಿ ಒಂದೂವರೆ ಮೈಲಿಯ ಓಟ. ಒಳ್ಳೆಯ ಕುದುರೆ ಅದನ್ನು ಸುಮಾರು ಎರಡೂವರೆ ನಿಮಿಷದಲ್ಲಿ ಮುಗಿಸುತ್ತದೆ. 1780ರಲ್ಲಿ ಮೊದಲ ಸಲ ನಡೆದಾಗ ಗೆದ್ದದ್ದು ಡಯೋಮೆಡ್ ಎಂಬ ಕುದುರೆ. ಆ ಸುದ್ದಿ ಹಡಗಿನಲ್ಲಿ ಆಫ್ರಿಕಾದ ತುದಿಯನ್ನು ಸುತ್ತಿ ಕಲ್ಕತ್ತೆಗೆ ಬರಲು ನಾಲ್ಕರಿಂದ ಆರು ತಿಂಗಳು ಬೇಕಿತ್ತು. ಬೇಸಿಗೆಯಲ್ಲಿ ಓಡಿದ ಕುದುರೆಯ ಹೆಸರು ಹೂಗ್ಲಿ ನದಿಯ ದಡ ಮುಟ್ಟುವಾಗ ದೀಪಾವಳಿ ಸಮೀಪಿಸಿರುತ್ತಿತ್ತು.

ಅಂದರೆ ಕಂಪನಿ ಸರ್ಕಾರದ ಕಾಲದಲ್ಲಿ ಭಾರತದಲ್ಲಿದ್ದ ಇಂಗ್ಲಿಷರಿಗೆ ಊರಿನ ರೇಸು ಮುಗಿದ ಮೇಲೂ ಮುಗಿಯುತ್ತಿರಲಿಲ್ಲ. ಎಪ್ಸಮ್‌ನಲ್ಲಿ ಗೆದ್ದವರು ಹಣ ಎಣಿಸಿ, ಖರ್ಚು ಮಾಡಿ, ಮರೆತೂ ಬಿಟ್ಟಿರುತ್ತಿದ್ದರು. ಇಲ್ಲಿ ಮದ್ರಾಸಿನ ಗುಮಾಸ್ತನೋ ಬೆಂಗಳೂರು ದಂಡಿನ ಲೆಫ್ಟಿನೆಂಟನೋ ಇನ್ನೂ ಯಾವ ಕುದುರೆ ಗೆಲ್ಲಬಹುದೆಂದು ವಾದ ಮಾಡುತ್ತಿರಬಹುದಿತ್ತು. ಮುಗಿದುಹೋದ ಓಟದ ಮೇಲೆ ಬಾಜಿ ಕಟ್ಟುವುದರಲ್ಲಿ ಮೋಸವೇನಿಲ್ಲ, ಫಲಿತಾಂಶ ಯಾರಿಗೂ ಗೊತ್ತಿಲ್ಲದಿರುವವರೆಗೆ. ಒಬ್ಬನಿಗೆ ಮಾತ್ರ ಒಂದು ದಿನ ಮುಂಚೆ ಪತ್ರ ಸಿಕ್ಕಿತೋ, ಅಲ್ಲಿಗೆ ಆಟ ಕೆಟ್ಟಂತೆ.

ಅವರಿಗೆ ಕುದುರೆ ಇಲ್ಲಿ ಸಿಗುತ್ತಿರಲಿಲ್ಲವೇ ಎಂದರೆ, ಧಾರಾಳವಾಗಿ ಸಿಗುತ್ತಿತ್ತು. ಬೊಂಬಾಯಿ ಅರಬ್ಬೀ ಕುದುರೆಗಳ ದೊಡ್ಡ ಸಂತೆ. ಕಲ್ಕತ್ತೆಗೂ ಮದ್ರಾಸಿಗೂ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಿಂದ ಹಡಗುಗಟ್ಟಲೆ ಕುದುರೆ ಬಂದಿಳಿಯುತ್ತಿದ್ದವು. ಆ 'ವೇಲ್ಸ್'ನಿಂದಲೇ ಅವುಗಳಿಗೆ 'ವೇಲರ್' ಎಂಬ ಹೆಸರು. ಪುಣೆಯಲ್ಲಿ 1830ರಲ್ಲೇ ಸೈನ್ಯದ ಜಾಗದಲ್ಲಿ ರೇಸ್‌ಕೋರ್ಸ್ ಆಗಿತ್ತು, ಬೊಂಬಾಯಿಯ ಮಹಾಲಕ್ಷ್ಮಿಯದು 1883ರಲ್ಲಿ, ಮೈಸೂರಿನ ರೇಸ್ ಕ್ಲಬ್ಬು 1891ರಲ್ಲಿ. ಆದರೆ ಕಲ್ಕತ್ತೆಯಲ್ಲಿ ರೇಸು ಚಳಿಗಾಲದ ಸಡಗರ. ವೈಸರಾಯ್ ಕಪ್ ನಡೆಯುತ್ತಿದ್ದದ್ದು ಕ್ರಿಸ್‌ಮಸ್ಸಿನ ಮರುದಿನ. ಡರ್ಬಿ ಬರುವುದು ಮೇ ಕೊನೆ, ಇಲ್ಲವೇ ಜೂನ್ ಮೊದಲಲ್ಲಿ. ಆಗ ಬಂಗಾಳದಲ್ಲಿ ಮಳೆ ಇನ್ನೂ ಹಿಡಿದಿರುವುದಿಲ್ಲ, ಬಿಸಿಲು ನೆತ್ತಿ ಸುಡುತ್ತಿರುತ್ತದೆ, ಮೈದಾನ ಖಾಲಿ. ಹೆಂಡತಿ ಮಕ್ಕಳನ್ನು ಬೆಟ್ಟದ ಊರಿಗೆ ಕಳಿಸಿ ಕ್ಲಬ್ಬಿನ ಪಂಕಾದಡಿ ಬೆವರುತ್ತ ಕೂತವನಿಗೆ ಹಸಿರು ಎಪ್ಸಮ್ ನೆನಪಾಗಲು ಬೇರೆ ಕಾರಣ ಬೇಕಿರಲಿಲ್ಲ.

ಸುದ್ದಿಯ ದಾರಿ ನಿಧಾನಕ್ಕೆ ಚಿಕ್ಕದಾಗುತ್ತ ಬಂತು. 1840ರ ದಶಕದಲ್ಲಿ ಟಪಾಲು ಈಜಿಪ್ಟಿನ ಮೂಲಕ ಬರತೊಡಗಿತು: ಅಲೆಕ್ಸಾಂಡ್ರಿಯಾವರೆಗೆ ಹಡಗು, ಅಲ್ಲಿಂದ ಸೂಯೆಜ್‌ವರೆಗೆ ನದಿ ಮತ್ತು ಮರಳುಗಾಡು, ಮತ್ತೆ ಹಡಗು. ತಿಂಗಳುಗಳ ಲೆಕ್ಕ ವಾರಗಳಿಗೆ ಇಳಿಯಿತು. 1865ರಲ್ಲಿ ಪರ್ಷಿಯನ್ ಕೊಲ್ಲಿಯ ಮೂಲಕ ತಂತಿ ಸಂಪರ್ಕವಾಯಿತಾದರೂ ಸಂದೇಶ ಹಲವು ದೇಶಗಳ ತಂತಿ ಕಚೇರಿಗಳಲ್ಲಿ ಇಂಗ್ಲಿಷು ಬಾರದ ನೌಕರರ ಕೈದಾಟಿ ಬರಬೇಕಿತ್ತು. ದಾರಿಯಲ್ಲಿ ಅಕ್ಷರಗಳು ಅದಲು ಬದಲಾಗುತ್ತಿದ್ದವು. ವ್ಯಾಪಾರದ ಸಂದೇಶದಲ್ಲಿ ಒಂದು ಅಕ್ಷರ ಹೋದರೆ ಊಹಿಸಿಕೊಳ್ಳಬಹುದು. ಕುದುರೆಯ ಹೆಸರಲ್ಲಿ ಹೋದರೆ ಊಹಿಸುವುದು ಹೇಗೆ? 1870ರ ಜೂನ್ ತಿಂಗಳಲ್ಲಿ ಬ್ರಿಟನ್ನಿನಿಂದ ಬೊಂಬಾಯಿಯವರೆಗೆ ಸಮುದ್ರದಡಿಯ ಕೇಬಲ್ ಪೂರ್ತಿಯಾಯಿತು. ಆ ವರ್ಷದ ಡರ್ಬಿ ಆಗಲೇ ಮುಗಿದಿತ್ತು. 1871ರಲ್ಲಿ ಫೇವೋನಿಯಸ್ ಗೆಲ್ಲುವ ಹೊತ್ತಿಗೆ ದಾರಿ ಸಿದ್ಧವಾಗಿತ್ತು. ಪದಕ್ಕಿಷ್ಟು ಎಂದು ಭಾರೀ ದರ ಕೊಟ್ಟು ಕಳಿಸಬೇಕಾದ ತಂತಿಯಲ್ಲಿ ರೇಸಿನಷ್ಟು ಅಗ್ಗದ ಸುದ್ದಿ ಇನ್ನೊಂದಿಲ್ಲ. ಮೊದಲು, ಎರಡನೆಯದು, ಮೂರನೆಯದು. ಮೂರು ಹೆಸರು ಬಂದರೆ ಸಾಕು, ಇಡೀ ಕ್ಲಬ್ಬು ಎದ್ದು ನಿಲ್ಲುತ್ತದೆ. ಇಂಗ್ಲೆಂಡಿನ ಮಧ್ಯಾಹ್ನ ಅಂದರೆ ಇಲ್ಲಿ ಸಂಜೆ, ಅದೂ ಕ್ಲಬ್ಬು ತುಂಬುವ ಹೊತ್ತು. ಗಡಿಯಾರ ಕೂಡ ರೇಸಿನ ಹುಚ್ಚರ ಪರವಾಗಿತ್ತು.

ಈ ಕಾಯುವಿಕೆಯಿಂದಲೇ ಕಲ್ಕತ್ತೆಯಲ್ಲಿ ಒಂದು ಸಂಸ್ಥೆ ಬೆಳೆಯಿತು. 1847ರಲ್ಲಿ ಹುಟ್ಟಿದ ಕಲ್ಕತ್ತಾ ಟರ್ಫ್ ಕ್ಲಬ್ಬು (ಮುಂದೆ ರಾಯಲ್ ಎಂಬ ಬಿರುದು ಸೇರಿತು) ನಡೆಸುತ್ತಿದ್ದ 'ಡರ್ಬಿ ಸ್ವೀಪ್' ಅದು. ನಮ್ಮ ಕಡೆಯ ಚೀಟಿ ಎತ್ತುವ ಪದ್ಧತಿ ಗೊತ್ತಿದ್ದವರಿಗೆ ಇದು ಕಷ್ಟವಲ್ಲ. ಎಲ್ಲರೂ ಒಂದೇ ಬೆಲೆಯ ಟಿಕೆಟ್ ಕೊಳ್ಳುತ್ತಾರೆ. ಡರ್ಬಿಗೆ ಹೆಸರು ಕೊಟ್ಟ ಕುದುರೆಗಳು ಒಂದು ಡಬ್ಬಿಯಲ್ಲಿ, ಟಿಕೆಟ್ ಸಂಖ್ಯೆಗಳು ಇನ್ನೊಂದರಲ್ಲಿ. ಒಂದೊಂದೇ ಎತ್ತಿ ಜೋಡಿಸುತ್ತಾರೆ. ಸಾವಿರಾರು ಟಿಕೆಟ್‌ಗಳಿಗೆ ಏನೂ ಸಿಗುವುದಿಲ್ಲ. ಕೆಲವೇ ಕೆಲವಕ್ಕೆ ಒಂದೊಂದು ಕುದುರೆ. ಆ ಕುದುರೆ ಗೆದ್ದರೆ ಕೂಡಿದ ಹಣದ ದೊಡ್ಡ ಪಾಲು ಟಿಕೆಟ್ ಹಿಡಿದವನದು. ಕುದುರೆಯ ಬಗ್ಗೆ ಏನೂ ತಿಳಿದಿರಬೇಕಿಲ್ಲ, ಹಾಗಾಗಿ ರೇಸಿಗೆ ಎಂದೂ ಹೋಗದವರೂ ಟಿಕೆಟ್ ಕೊಂಡರು.

ನಿಜವಾದ ವ್ಯಾಪಾರ ಶುರುವಾಗುವುದು ಚೀಟಿ ಎತ್ತಿದ ಮೇಲೆ. ಫೇವರಿಟ್ ಕುದುರೆ ಒಬ್ಬ ಬಡ ಸಾರ್ಜೆಂಟನ ಪಾಲಿಗೆ ಬಂತೆನ್ನಿ. ಅವನು ಓಟದವರೆಗೆ ಕಾದು ಎಲ್ಲವನ್ನೂ ಪಣಕ್ಕಿಡಬೇಕೆ, ಅಥವಾ ಇವತ್ತೇ ಟಿಕೆಟ್ಟಿನ ಅರ್ಧ ಪಾಲನ್ನು ಒಬ್ಬ ಸಿರಿವಂತನಿಗೆ ಮಾರಿ ಖಚಿತವಾದ ಹಣ ಜೇಬಿಗಿಳಿಸಬೇಕೆ? ಈ ಪ್ರಶ್ನೆಯಲ್ಲಿ ಎಷ್ಟು ಮನೆಗಳ ನಿದ್ದೆ ಹಾರಿರಬಹುದು. ಓಟಕ್ಕೆ ಮುನ್ನ ಕುದುರೆಗಳನ್ನು ಹರಾಜಿಗಿಟ್ಟು, ಬಂದ ಹಣವನ್ನೆಲ್ಲ ಒಟ್ಟುಗೂಡಿಸಿ ಗೆದ್ದವರಿಗೆ ಹಂಚುವ ಕ್ರಮಕ್ಕೆ ಇಂಗ್ಲಿಷಿನಲ್ಲಿ ಇವತ್ತಿಗೂ 'ಕಲ್ಕತ್ತಾ' ಎಂದೇ ಹೆಸರು. ಅಮೆರಿಕದ ಗಾಲ್ಫ್ ಕ್ಲಬ್ಬುಗಳಲ್ಲಿ ಆಟಗಾರರನ್ನು ಹೀಗೆ ಹರಾಜು ಹಾಕುವವರು ಆ ಪದ ಒಂದು ಊರಿನ ಹೆಸರೆಂದು ಯೋಚಿಸುವುದೂ ಅನುಮಾನ.

1920ರ ದಶಕಕ್ಕೆ ಕಲ್ಕತ್ತಾ ಸ್ವೀಪ್ ಜಗತ್ತಿನ ಅತಿ ದೊಡ್ಡ ಸ್ವೀಪ್‌ಗಳಲ್ಲಿ ಒಂದಾಗಿತ್ತು. ಟಿಕೆಟ್ ಕ್ಲಬ್ಬಿನ ಸದಸ್ಯರ ಮೂಲಕವೇ ಸಿಗಬೇಕೆಂಬ ನಿಯಮವಿತ್ತು. ಸದಸ್ಯರ ಸ್ನೇಹಿತರು, ಆ ಸ್ನೇಹಿತರ ಸ್ನೇಹಿತರು ಎಂದು ಟಿಕೆಟ್ಟುಗಳು ಸಮುದ್ರ ದಾಟಿ ಬ್ರಿಟನ್ನಿಗೇ ಹೋದವು. ಎಪ್ಸಮ್‌ಗೆ ರೈಲಿನಲ್ಲಿ ಹೋಗಿಬರಬಹುದಾದ ಲಂಡನ್ನಿನ ಮನುಷ್ಯ, ಅದೇ ಓಟದಲ್ಲಿ ತನ್ನ ಅದೃಷ್ಟವೇನೆಂದು ತಿಳಿಯಲು ಕಲ್ಕತ್ತೆಯ ತಂತಿಗೆ ಕಾಯುವಂತಾಯಿತು. ಪರದೇಶದಲ್ಲಿ ಕೂತವರು ಊರಿನ ರೇಸಿನತ್ತ ನೋಡುತ್ತಿದ್ದರೆ, ಊರಿನವರು ಪರದೇಶದತ್ತ. 1930ರಲ್ಲಿ ಐರ್ಲೆಂಡು ಆಸ್ಪತ್ರೆಗಳ ಸಹಾಯಾರ್ಥ ಸ್ವೀಪ್ ಶುರು ಮಾಡಿ, ಟಿಕೆಟನ್ನು ಯಾರು ಬೇಕಾದರೂ ಕೊಳ್ಳಬಹುದೆಂದು ಮಾರತೊಡಗಿದ ಮೇಲೆ ಕಲ್ಕತ್ತೆಯ ಗತ್ತು ಇಳಿಯಿತು.

ಬೆಂಗಳೂರಿನಲ್ಲೂ ಇದೇ ಹಸಿವು. 1896ರ ಅಕ್ಟೋಬರಿನಲ್ಲಿ ಬೊಂಬಾಯಿಗೆ ಬಂದಿಳಿದು ಬೆಂಗಳೂರಿನ ದಂಡು ಸೇರಿದ ಇಪ್ಪತ್ತೊಂದು ವರ್ಷದ ವಿನ್‌ಸ್ಟನ್ ಚರ್ಚಿಲ್ ಅವರನ್ನೇ ನೋಡಿ. ಅವರ ತಂದೆ ಲಾರ್ಡ್ ರಾಂಡಾಲ್ಫ್ ಅವರ ಕುದುರೆ 1889ರಲ್ಲಿ ಎಪ್ಸಮ್‌ನಲ್ಲೇ ಓಕ್ಸ್ ಪಂದ್ಯ ಗೆದ್ದಿತ್ತು. ರೇಸಿನ ರಕ್ತ ಮನೆಯಲ್ಲೇ ಇತ್ತು. ಭಾರತದ ರೇಸ್ ಮೈದಾನಗಳಲ್ಲಿ ದೊಡ್ಡ ಹೆಸರಾಗಿದ್ದ ಲಾರ್ಡ್ ವಿಲಿಯಂ ಬೆರೆಸ್‌ಫರ್ಡ್ ಅವರಿಗೆ ಲಿಲಿ ಎಂಬ ಪೋನಿಯನ್ನು ಉಡುಗೊರೆ ಕೊಟ್ಟರು. ಅದನ್ನು ಇಲ್ಲಿ ರೇಸಿಗಿಳಿಸುವ ಆಸೆ ಮಗನದು. ಬೇಡ, ಹೆಸರು ಕೆಡುತ್ತದೆ ಎಂದು ತಾಯಿ ಲಂಡನ್ನಿನಿಂದ ಪತ್ರದ ಮೇಲೆ ಪತ್ರ. ಪತ್ರ ಹೋಗಿ ಉತ್ತರ ಬರುವುದರೊಳಗೆ ತಿಂಗಳು ಕಳೆಯುತ್ತಿತ್ತು. ಡರ್ಬಿಯ ಫಲಿತಾಂಶ ಒಂದು ಸಂಜೆಯಲ್ಲಿ ಬರುವ ಕಾಲದಲ್ಲೂ ತಾಯಿ ಮಗನ ಜಗಳಕ್ಕೆ ಹಡಗೇ ಗತಿ.

ಇಷ್ಟು ಹೊತ್ತು ಬಂದದ್ದು ಬಿಳಿಯರ ಊರು, ಬಿಳಿಯರ ನೆನಪು. ಅವರ ಕುದುರೆಗಳ ಮೈ ತಿಕ್ಕಿ, ಹುರುಳಿ ಬೇಯಿಸಿ ಹಾಕಿ, ಬೆಳಗಿನ ಜಾವ ನಡೆಸಾಡುತ್ತಿದ್ದ ಸಾಯಿಸರು ಈ ಕಥೆಯಲ್ಲಿ ಹೆಸರಿಲ್ಲದೆ ಉಳಿದುಬಿಟ್ಟಿದ್ದಾರೆ. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಭಾರತದ ರಾಜರು, ಸಾಹುಕಾರರು ತಮ್ಮ ಕುದುರೆಗಳನ್ನು ಎಪ್ಸಮ್‌ನಲ್ಲೇ ಓಡಿಸತೊಡಗಿದಾಗ ನೋಟದ ದಿಕ್ಕು ಬದಲಾಯಿತು. ಈಗ ಊರಿನ ಕುದುರೆ ಎಂದರೆ ಯಾವುದು?

ಕರಾಚಿಯಲ್ಲಿ ಹುಟ್ಟಿ, ಅರಬ್ಬೀ ಕುದುರೆ ಓಡಿಸುತ್ತಿದ್ದ ಬೊಂಬಾಯಿಯ ಮನೆತನದಲ್ಲಿ ಬೆಳೆದ ಮೂರನೆಯ ಆಗಾ ಖಾನ್ ಐದು ಸಲ ಡರ್ಬಿ ಗೆದ್ದರು: 1930ರಲ್ಲಿ ಬ್ಲೆನಿಮ್, 1935ರಲ್ಲಿ ಬಹ್ರಾಮ್, 1936ರಲ್ಲಿ ಮಹಮೂದ್, 1948ರಲ್ಲಿ ಮೈ ಲವ್, 1952ರಲ್ಲಿ ತುಲ್ಯಾರ್. ಬಹ್ರಾಮ್ ಒಂದು ಓಟವನ್ನೂ ಸೋಲದೆ ನಿವೃತ್ತವಾದ ಕುದುರೆ. ಬಹ್ರಾಮ್ ಮತ್ತು ಮಹಮೂದ್ ಗೆಲುವುಗಳ ನಡುವೆ, 1936ರ ಜನವರಿಯಲ್ಲಿ, ಬೊಂಬಾಯಿಯ ಅನುಯಾಯಿಗಳು ಅವರನ್ನು ಚಿನ್ನದಲ್ಲಿ ತೂಗಿದರು.

1934ರ ಕಥೆ ಇನ್ನೂ ಸ್ವಾರಸ್ಯದ್ದು. ನರ್ಮದೆಯ ದಂಡೆಯ ಪುಟ್ಟ ಸಂಸ್ಥಾನ ರಾಜಪೀಪ್ಲಾದ ಮಹಾರಾಜ ವಿಜಯಸಿಂಹಜಿ ಅವರು ಐರ್ಲೆಂಡಿನಲ್ಲಿ ಹುಟ್ಟಿದ ವಿಂಡ್ಸರ್ ಲ್ಯಾಡ್ ಎಂಬ ಮರಿಯನ್ನು 1,300 ಗಿನಿಗೆ ಕೊಂಡಿದ್ದರು. ಆ ವರ್ಷ ಎಲ್ಲರ ಕಣ್ಣು ಕೊಲಂಬೊ ಎಂಬ ಸೋಲರಿಯದ ಕುದುರೆಯ ಮೇಲೆ. ರಾಜಪೀಪ್ಲಾದ ಜಾಕಿ ಚಾರ್ಲಿ ಸ್ಮರ್ಕ್ ಐದು ವರ್ಷ ಮೈದಾನದಿಂದ ಬಹಿಷ್ಕೃತನಾಗಿದ್ದು ಹಿಂದಿನ ವರ್ಷವಷ್ಟೇ ಲೈಸೆನ್ಸ್ ಮರಳಿ ಪಡೆದವನು. ಜೂನ್ 6ರಂದು ವಿಂಡ್ಸರ್ ಲ್ಯಾಡ್ ಗೆದ್ದಿತು, ಕೊಲಂಬೊ ಮೂರನೆಯದಾಯಿತು. ಬೇಸಿಗೆ ಮುಗಿಯುವುದರೊಳಗೆ ಮಹಾರಾಜರು ಅದನ್ನು ಐವತ್ತು ಸಾವಿರ ಪೌಂಡಿಗೆ ಒಬ್ಬ ಬುಕ್ಕಿಗೆ ಮಾರಿದರು. ಬುಕ್ಕಿಯೊಬ್ಬ ಮಹಾರಾಜರಿಗೆ ಅಷ್ಟು ಹಣ ಕೊಟ್ಟದ್ದು ರೇಸಿನ ಚರಿತ್ರೆಯಲ್ಲಿ ಅಪರೂಪವೇ ಇರಬೇಕು; ಸಾಮಾನ್ಯವಾಗಿ ಹಣ ಹರಿಯುವುದು ಇನ್ನೊಂದು ದಿಕ್ಕಿಗೆ. ಆದರೆ ಬುಕ್ಕಿಯೂ ಕೆಡಲಿಲ್ಲ. ಅದೇ ಸೆಪ್ಟೆಂಬರಿನಲ್ಲಿ ಕುದುರೆ ಸೇಂಟ್ ಲೆಜರ್ ಪಂದ್ಯವನ್ನೂ ಗೆದ್ದಿತು.

ಈ ಹೊತ್ತಿಗೆ ಸುದ್ದಿಗೆ ದನಿಯೂ ಬಂದಿತ್ತು. ಬಿಬಿಸಿ 1927ರಲ್ಲಿ ಡರ್ಬಿಯ ವೀಕ್ಷಕ ವಿವರಣೆ ಶುರುಮಾಡಿತು, 1932ರ ಡಿಸೆಂಬರಿನಲ್ಲಿ ಶಾರ್ಟ್‌ವೇವ್‌ನಲ್ಲಿ ಸಾಮ್ರಾಜ್ಯದ ಮೂಲೆಮೂಲೆಗೆ ಪ್ರಸಾರ ಹೊರಟಿತು. ದೂರದಲ್ಲಿದ್ದವರಿಗೆ ಊರಿನ ಗದ್ದಲವನ್ನೇ ಕಿವಿಯಲ್ಲಿ ಕೇಳುವ ದಾರಿ ತೆರೆಯಿತು.

ಸಾಯಿಸರ ಮಾತು ಬಂದಿತ್ತು. ಹಣ ಎಲ್ಲಿಂದ ಬಂತೆಂಬ ಮಾತೂ ಬರಬೇಕು. ಅದಕ್ಕೆ ಬರೋಡಾದ ಮಹಾರಾಜ ಪ್ರತಾಪಸಿಂಹ ಗಾಯಕವಾಡ್ ಅವರಷ್ಟು ಒಳ್ಳೆಯ ಉದಾಹರಣೆ ಇಲ್ಲ. 1945ರಲ್ಲಿ ಅವರು ಇಂಗ್ಲೆಂಡಿನಲ್ಲಿ ಒಂದು ವರ್ಷದ ಕುದುರೆಮರಿಗೆ 28,000 ಗಿನಿ ಕೊಟ್ಟರು. ಅದು ಆಗಿನ ದಾಖಲೆ. ಅಂದಿನ ವಿನಿಮಯ ದರದಲ್ಲಿ ಸುಮಾರು ಮೂರು ಲಕ್ಷ ತೊಂಬತ್ತು ಸಾವಿರ ರೂಪಾಯಿ, ಅದೂ ಬಂಗಾಳದ ಕ್ಷಾಮ ಕಳೆದು ಎರಡೇ ವರ್ಷಕ್ಕೆ. ಮರಿಗೆ ಇಟ್ಟ ಹೆಸರು ಸಯಾಜಿರಾವ್. ಅದು ಅವರ ಅಜ್ಜನ ಹೆಸರೂ ಹೌದು: 1913ರಲ್ಲಿ ಭೀಮರಾವ್ ಅಂಬೇಡ್ಕರ್ ಎಂಬ ವಿದ್ಯಾರ್ಥಿಗೆ ವಿದ್ಯಾರ್ಥಿವೇತನ ಕೊಟ್ಟು ಅಮೆರಿಕಕ್ಕೆ ಕಳಿಸಿದ ಸಯಾಜಿರಾವ್. ಅಜ್ಜ ಹೊರದೇಶದಲ್ಲಿ ಮಾಡಿದ ಖರ್ಚಿಗೂ ಮೊಮ್ಮಗ ಮಾಡಿದ ಖರ್ಚಿಗೂ ಇದ್ದ ಅಂತರವನ್ನು ಬರೋಡಾದ ಜನ ಗಮನಿಸದೇ ಇರಲಿಲ್ಲ.

ಕುದುರೆ ಸಯಾಜಿರಾವ್ 1947ರ ಸೆಪ್ಟೆಂಬರಿನಲ್ಲಿ ಸೇಂಟ್ ಲೆಜರ್ ಗೆದ್ದಿತು. ಸವಾರ, ಹಿಂದೆ ಬೊಂಬಾಯಿಯಲ್ಲಿ ಇದೇ ಮಹಾರಾಜರಿಗೆ ಓಡಿಸುತ್ತಿದ್ದ ಆಸ್ಟ್ರೇಲಿಯಾದ ಎಡ್ಗರ್ ಬ್ರಿಟ್. ದೇಶ ಸ್ವತಂತ್ರವಾಗಿ ಒಂದು ತಿಂಗಳೂ ತುಂಬಿರಲಿಲ್ಲ, ಪಂಜಾಬ್ ಹತ್ತಿ ಉರಿಯುತ್ತಿತ್ತು. ಮುಂದಿನ ವರ್ಷ ಅವರದೇ ಮೈ ಬಾಬು ಎರಡು ಸಾವಿರ ಗಿನಿ ಪಂದ್ಯ ಗೆದ್ದಿತು. ಆಗ ಬರೋಡಾದ ಜನಪ್ರತಿನಿಧಿಗಳು ಕೇಳುತ್ತಿದ್ದದ್ದು ಬೇರೆ ಲೆಕ್ಕ: ಮಹಾರಾಜರು ರಾಜ್ಯದ ಖಜಾನೆಯಿಂದ ತೆಗೆದುಕೊಂಡ ಹಣದ್ದು. 1949ರಲ್ಲಿ ಸಂಸ್ಥಾನ ಬೊಂಬಾಯಿ ಪ್ರಾಂತ್ಯದಲ್ಲಿ ವಿಲೀನವಾಯಿತು, 1951ರಲ್ಲಿ ಭಾರತ ಸರ್ಕಾರ ಪ್ರತಾಪಸಿಂಹರ ಪದವಿಯನ್ನೇ ಕಿತ್ತುಕೊಂಡಿತು. ಕುದುರೆಗಳು ಮಾತ್ರ ಯುರೋಪಿನ ಲಾಯಗಳಲ್ಲಿ ಉಳಿದವು. ಅವುಗಳ ಗೆಲುವನ್ನು ಪತ್ರಿಕೆಯಲ್ಲಿ ಓದಿ ಬೀಗಬೇಕೋ, ಬಿಲ್ಲು ಯಾರು ಕಟ್ಟಿದರೆಂದು ಕೇಳಬೇಕೋ, ಅಂದಿನ ಬರೋಡಾದವನಿಗೆ ಎರಡೂ ಅನಿಸಿದ್ದರೆ ತಪ್ಪೇನಿಲ್ಲ.

ಅದೇ ಪ್ರತಾಪಸಿಂಹರ ಪ್ರಿನ್ಸೆಸ್ ಬ್ಯೂಟಿಫುಲ್ ಎಂಬ ಹೆಣ್ಣು ಕುದುರೆ 1943ರಲ್ಲಿ ಮಹಾಲಕ್ಷ್ಮಿಯಲ್ಲಿ ಮೊದಲ ಇಂಡಿಯನ್ ಡರ್ಬಿ ಗೆದ್ದಿತ್ತು. ಯುದ್ಧದ ಕಾರಣಕ್ಕೆ ಆ ವರ್ಷ ಎಪ್ಸಮ್‌ನಲ್ಲಿ ಡರ್ಬಿ ಇರಲಿಲ್ಲ, ನ್ಯೂಮಾರ್ಕೆಟ್‌ಗೆ ಸ್ಥಳಾಂತರವಾಗಿತ್ತು. ಇಂಡಿಯನ್ ಡರ್ಬಿ ಈಗ ಫೆಬ್ರವರಿಯ ಮೊದಲ ಭಾನುವಾರ ಸಂಜೆ ನಡೆಯುತ್ತದೆ. ಬೆಂಗಳೂರು, ಪುಣೆ, ಚೆನ್ನೈ, ಹೈದರಾಬಾದಿನ ರೇಸ್‌ಕೋರ್ಸ್‌ಗಳಲ್ಲಿ ಜನ ಪರದೆಯ ಮುಂದೆ ನಿಂತು ಮಹಾಲಕ್ಷ್ಮಿಯ ಓಟ ನೋಡುತ್ತಾರೆ. ಆ ಹೊತ್ತಿಗೆ ಲಂಡನ್ನಿನಲ್ಲಿ ಇನ್ನೂ ಮಧ್ಯಾಹ್ನದ ಊಟವಾಗಿರುವುದಿಲ್ಲ. ಕೆಲಸಕ್ಕೆಂದು ಅಲ್ಲಿಗೆ ಹೋದ ಮುಂಬೈಯವನು ಭಾನುವಾರದ ಚಳಿಯಲ್ಲಿ ಕಿಟಕಿ ಮುಚ್ಚಿಕೊಂಡು, ಊರಿನ ಕುದುರೆಗಳು ಕೊನೆಯ ತಿರುವು ದಾಟುವುದನ್ನು ಫೋನಿನಲ್ಲಿ ನೋಡುತ್ತಾನೆ.