ಅರವತ್ತೆರಡು ದಿನದ ದಾರಿ, ಐದು ದಿನದ ಡ್ರೈವಿಂಗು

ನ್ಯೂಜೆರ್ಸಿಯಿಂದ ಸ್ಯಾನ್‌ಫ್ರಾನ್ಸಿಸ್ಕೋವರೆಗೆ ಐ-80 ಹಿಡಿದು ಕಾರಲ್ಲಿ ಹೋಗಬೇಕು ಅನ್ನೋದು ಬಹಳ ದಿನದ ಆಸೆ. ಅಂತೂ ಹೋಗಿ ಬಂದೆ. ಸುಮಾರು 2,900 ಮೈಲಿ, ಐದು ದಿನ. ದಾರಿಯಲ್ಲಿ ಊರುಗಳಿಗಿಂತ ಹೆಚ್ಚು ನೋಡಿದ್ದು ಡ್ರೈವರುಗಳನ್ನೇ. ನೆಬ್ರಾಸ್ಕಾದಲ್ಲಿ ದೊಡ್ಡ ಟ್ರಕ್ಕಿನ ಹಿಂದೆ ಮೈಲಿಗಟ್ಟಲೆ ಹೋದರೂ ಒಂದು ಹಾರ್ನ್ ಕೇಳಿಸಲಿಲ್ಲ. ಮುಂದೆ ಹೋಗುವವರು ಎಡ ಲೇನಿಗೆ ಬಂದು, ಟ್ರಕ್ಕು ದಾಟಿ, ಮತ್ತೆ ಬಲಕ್ಕೆ ಸರೀತಾರೆ. 'ಎಷ್ಟು ಶಿಸ್ತು ನೋಡೋ ಇವರಿಗೆ' ಅಂತ ಜೊತೆಗಿದ್ದ ಗೆಳೆಯ ಹೇಳ್ತಾನೇ ಇದ್ದ. ಅದೇ ಜನ ಶಿಕಾಗೋ ಹತ್ತಿರ ಸಂಜೆ ಐದಕ್ಕೆ ಹೇಗೆ ನುಗ್ತಿದ್ದರು ಅನ್ನೋದು ಅವನಿಗೆ ಆಗಲೇ ಮರೆತುಹೋಗಿತ್ತು!

ನನಗನ್ನಿಸಿದ್ದು, ಈ ಶಿಸ್ತಿನಲ್ಲಿ ಅರ್ಧ ಪಾಲು ರಸ್ತೆಯದ್ದು. ಎದುರಿಂದ ಗಾಡಿ ಬರಲ್ಲ, ಅಡ್ಡರಸ್ತೆ ಇಲ್ಲ, ಸಿಗ್ನಲ್ ಇಲ್ಲ. ಹೆದ್ದಾರಿಯ ನಂಬರಿಗೂ ಒಂದು ಲೆಕ್ಕ: ಸಮ ಸಂಖ್ಯೆ ಪೂರ್ವ-ಪಶ್ಚಿಮಕ್ಕೆ, ಬೆಸ ಸಂಖ್ಯೆ ಉತ್ತರ-ದಕ್ಷಿಣಕ್ಕೆ. ಹೀಗಿದ್ದರೆ ಯಾರು ತಾನೇ ಹಾರ್ನ್ ಹೊಡೀತಾರೆ ಹೇಳಿ?

ಆದರೆ ಈ ದಾರಿ ಮೊದಲಿಂದ ಹೀಗಿರಲಿಲ್ಲ. 1919ರ ಜುಲೈ 7ರಂದು ಅಮೆರಿಕದ ಸೈನ್ಯದ ಸುಮಾರು 80 ಗಾಡಿಗಳು ವಾಷಿಂಗ್ಟನ್ನಿನಿಂದ ಸ್ಯಾನ್‌ಫ್ರಾನ್ಸಿಸ್ಕೋಗೆ ಹೊರಟವು, ದೇಶದ ರಸ್ತೆಗಳು ಯುದ್ಧಕಾಲಕ್ಕೆ ಆಗಿಬರುತ್ತವೋ ಇಲ್ಲವೋ ನೋಡೋದಕ್ಕೆ. ಇಲಿನಾಯ್ ದಾಟಿದ ಮೇಲೆ ಕ್ಯಾಲಿಫೋರ್ನಿಯಾ ಬರೋವರೆಗೂ ಹೇಳಿಕೊಳ್ಳುವಂಥ ರಸ್ತೆಯೇ ಇಲ್ಲ. ನಾನು ಕ್ರೂಸ್ ಕಂಟ್ರೋಲ್ ಹಾಕಿ ಕೂತಿದ್ದ ನೆಬ್ರಾಸ್ಕಾದಲ್ಲಿ ಅವರ ಟ್ರಕ್ಕುಗಳು ಮರಳಲ್ಲಿ ಹೂತುಹೋದವು. ಯೂಟಾದ ಉಪ್ಪಿನ ಮರುಭೂಮಿಯಲ್ಲಿ ಸೈನಿಕರೇ ಅವನ್ನು ಎಳೆದರು. ಗಾಡಿಗಳ ಭಾರಕ್ಕೆ ಮರದ ಸೇತುವೆಗಳು ಮುರಿದವು, ಅವರೇ ರಿಪೇರಿ ಮಾಡಿಕೊಂಡು ಮುಂದೆ ಹೋದರು. ಸರಾಸರಿ ವೇಗ ಗಂಟೆಗೆ ಆರು ಮೈಲಿಗೂ ಕಡಿಮೆ. ತಲುಪಿದ್ದು ಸೆಪ್ಟೆಂಬರ್ 6ಕ್ಕೆ.

ಆ ದಂಡಿನಲ್ಲಿ ಸುಮ್ಮನೆ ನೋಡೋಕೆ ಅಂತ ಸೇರಿಕೊಂಡಿದ್ದ 28 ವರ್ಷದ ಅಧಿಕಾರಿಯೊಬ್ಬನಿದ್ದ, ಡ್ವೈಟ್ ಐಸೆನ್‌ಹೋವರ್. ಮುಂದೆ ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಆಟೋಬಾನ್ ಕೂಡ ನೋಡಿದ. ಅಧ್ಯಕ್ಷನಾದ ಮೇಲೆ, 1956ರ ಜೂನ್ 29ರಂದು, 41,000 ಮೈಲಿ ಇಂಟರ್‌ಸ್ಟೇಟ್ ಹೆದ್ದಾರಿಯ ಕಾಯ್ದೆಗೆ ಸಹಿ ಹಾಕಿದ. ಖರ್ಚಿನ ನೂರಕ್ಕೆ ತೊಂಬತ್ತು ಪಾಲು ಕೇಂದ್ರ ಸರ್ಕಾರದ್ದು. ಐ-80 ಪೂರ್ತಿಯಾಗಿದ್ದು ಮಾತ್ರ 1986ರಲ್ಲಿ.

ಇಷ್ಟು ಕಥೆ ನನಗೆ ಮೊದಲೇ ಗೊತ್ತಿತ್ತು. ನಾರ್ತ್ ಪ್ಲ್ಯಾಟ್ ಎಂಬ ಊರಲ್ಲಿ ರಾತ್ರಿ ಹನ್ನೊಂದಕ್ಕೆ ಮೋಟೆಲ್ ಬಾಗಿಲಿಗೆ ಹೋದಾಗ ಬೇರೇನೋ ಹೊಳೀತು. ರೂಮು ಖಾಲಿ ಇದೆಯೋ ಇಲ್ಲವೋ ಅನ್ನೋ ಚಿಂತೆ ನಮಗಿತ್ತು. ಖಾಲಿ ಇದ್ದರೂ ಕೊಡ್ತಾರೋ ಇಲ್ಲವೋ ಅನ್ನೋ ಚಿಂತೆ ಇರಲಿಲ್ಲ.

ಅಂಥ ಚಿಂತೆ ಹೊತ್ತೇ ಕಾರು ಹತ್ತುತ್ತಿದ್ದವರು ಈ ದೇಶದ ಕಪ್ಪು ಜನ. ಅವರಿಗಾಗಿ ಹಾರ್ಲೆಮ್ಮಿನಲ್ಲಿದ್ದ ವಿಕ್ಟರ್ ಹ್ಯೂಗೋ ಗ್ರೀನ್ ಅನ್ನೋ ಪೋಸ್ಟ್‌ಮ್ಯಾನ್ 1936ರಲ್ಲಿ 'ಗ್ರೀನ್ ಬುಕ್' ಶುರು ಮಾಡಿದ. ಟಪಾಲು ಹಂಚ್ತಿದ್ದದ್ದು ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕಿನಲ್ಲಿ, ನಾವು ಐ-80 ಹತ್ತಿದ ಜಾಗದ ಪಕ್ಕದಲ್ಲೇ! ಯಾವ ಊರಲ್ಲಿ ಯಾವ ಹೋಟೆಲು ಒಳಗೆ ಬಿಡುತ್ತೆ, ಎಲ್ಲಿ ಊಟ, ಎಲ್ಲಿ ಪೆಟ್ರೋಲು ಅನ್ನೋ ಪಟ್ಟಿ ಅದು. ಇದು ಬೇಡವಾಗುವ ದಿನ ಬರಲಿ ಅಂತ ಅವನೇ ಅದರಲ್ಲಿ ಬರೆದುಕೊಂಡಿದ್ದ. ಬಣ್ಣ ನೋಡಿ ರೂಮು ನಿರಾಕರಿಸೋದನ್ನು ನಿಷೇಧಿಸಿದ ನಾಗರಿಕ ಹಕ್ಕುಗಳ ಕಾಯ್ದೆ ಬಂದಿದ್ದು 1964ರಲ್ಲಿ, ಗ್ರೀನ್ ತೀರಿಕೊಂಡಿದ್ದು 1960ರಲ್ಲಿ. ಅಂದರೆ ಹೊಸ ಹೆದ್ದಾರಿ ಕಟ್ಟೋಕೆ ಶುರುವಾಗಿ ವರ್ಷಗಳು ಕಳೆದರೂ ಈ ಪುಸ್ತಕದ ಅಗತ್ಯ ಇತ್ತು. ನನ್ನಂಥ ಕಂದುಬಣ್ಣದವನು ಅರ್ಧರಾತ್ರಿಯಲ್ಲಿ ಕೀಲಿ ಇಸ್ಕೊಂಡು ಸೀದಾ ಹೋಗಿ ಮಲಗಿದ್ದರ ಹಿಂದೆ ಯಾರ್ಯಾರ ಹೋರಾಟ ಇದೆ ಅಂತ ಆವತ್ತು ಬಹಳ ಹೊತ್ತು ನಿದ್ದೆ ಬರಲಿಲ್ಲ.

ಕೊನೇ ದಿನ ಓಕ್‌ಲೆಂಡ್. 1919ರ ದಂಡು ಇಲ್ಲಿಂದ ದೋಣಿ ಹತ್ತಿ ಸ್ಯಾನ್‌ಫ್ರಾನ್ಸಿಸ್ಕೋಗೆ ದಾಟಿತ್ತು, ನಮಗೆ ಸೇತುವೆ ಇದೆ. ಊರಿನ ಪಶ್ಚಿಮ ಭಾಗದಲ್ಲಿ, ಕಪ್ಪು ಜನ ಹೆಚ್ಚಾಗಿದ್ದ ಬಡಾವಣೆಯನ್ನು ಸೀಳಿಕೊಂಡು, ಸೈಪ್ರೆಸ್ ಅನ್ನೋ ಎರಡಂತಸ್ತಿನ ಫ್ರೀವೇ 1957ರಲ್ಲಿ ಬಂತು. 1989ರ ಅಕ್ಟೋಬರ್ 17ರ ಭೂಕಂಪದಲ್ಲಿ ಅದು ಕುಸಿದು 42 ಜನ ಸತ್ತರು. ಮತ್ತೆ ಅದೇ ಜಾಗದಲ್ಲಿ ಕಟ್ಟೋದಕ್ಕೆ ಅಲ್ಲಿನ ಜನ ಬಿಡಲಿಲ್ಲ, ಹೊಸದನ್ನು ಬಡಾವಣೆಯ ಆಚೆಗೆ ಸುತ್ತು ಹಾಕಿಸಿದರು. ಹಳೇ ಫ್ರೀವೇ ಇದ್ದ ಜಾಗಕ್ಕೆ ಈಗ ಮಂಡೇಲಾ ಪಾರ್ಕ್‌ವೇ ಅಂತ ಹೆಸರು. ನಡುವೆ ಮರಗಿಡ, ಓಡಾಡೋಕೆ ಕಾಲುದಾರಿ. ನಾವೂ ಕಾರು ನಿಲ್ಲಿಸಿ ಅಲ್ಲಿ ಸ್ವಲ್ಪ ಹೊತ್ತು ನಡೆದು, ಆಮೇಲೆ ಸೇತುವೆ ಹತ್ತಿದೆವು.